ಪಾಳೆಯದ ನುಡಿ ಮತ್ತು ಶಲ್ಯಸಾರಥ್ಯ: ಗೋದಾವರಿ ತೀರದ ತಂಡದಾಟಗಳಲ್ಲಿ ಧ್ವನಿಸಂವಾದ

೧

ಕನ್ನಡ ವಿಮರ್ಶೆ ಆಟವನ್ನು ಗಂಭೀರವಾಗಿ ಪರಿಗಣಿಸಿದ್ದು ಕಡಿಮೆ. ಜೂಜಿನ ಪ್ರಸಂಗದಿಂದಲೇ ಕಥೆಯ ಗತಿ ತಿರುಗುವ ಮಹಾಭಾರತವನ್ನು ನಾವು ಮತ್ತೆ ಮತ್ತೆ ಓದಿದ್ದೇವೆ. ಆದರೆ ಪಗಡೆಯ ಹಾಸನ್ನು ಕಥೆಯ ನೆಪವೆಂದು ಕಂಡೆವೇ ಹೊರತು ಆಟದ ನಡೆಯನ್ನು, ಆಟಗಾರರ ಮಾತನ್ನು ಪಠ್ಯವೆಂದು ಓದಲಿಲ್ಲ. ಜಾನಪದ ಅಧ್ಯಯನವು ಆಟಗಳ ಹೆಸರು, ನಿಯಮ ಮತ್ತು ಹಾಡುಗಳನ್ನು ಸಂಗ್ರಹಿಸಿತು. ಆಡುತ್ತಿರುವಾಗ ಆಟಗಾರರು ಪರಸ್ಪರ ಆಡುವ ಮಾತು ಬಹುಮಟ್ಟಿಗೆ ಸಂಗ್ರಹದ ಹೊರಗೇ ಉಳಿಯಿತು. ಈ ಕೊರತೆ ಇಂದು ಎದ್ದು ಕಾಣುತ್ತಿದೆ. ಅಂತರ್ಜಾಲದ ಮೂಲಕ ಹಲವರು ಒಟ್ಟಾಗಿ ಆಡುವ ವಿಡಿಯೋ ಗೇಮ್‌ಗಳಲ್ಲಿ ಆಟಗಾರರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಅವರ ನಡುವೆ ಇರುವುದು ಧ್ವನಿಯೊಂದೇ.

ಪ್ರಸ್ತುತ ಲೇಖನ ಈ ಧ್ವನಿಸಂವಾದವನ್ನು ವಿಮರ್ಶೆಯ ವಸ್ತುವಾಗಿ ಎತ್ತಿಕೊಳ್ಳುತ್ತದೆ. ತಂಡದಾಟದಲ್ಲಿ ಧ್ವನಿ ಮಾಡುವ ಕೆಲಸ ಯಾವುದು ಎಂಬುದು ಇಲ್ಲಿನ ಪ್ರಶ್ನೆ. ಸುದ್ದಿ ಮುಟ್ಟಿಸುವುದು ಎಂಬ ಉತ್ತರ ಮೇಲುನೋಟಕ್ಕೆ ಸಾಕೆನಿಸುತ್ತದೆ. ಅದು ಸಾಲದು, ಧ್ವನಿ ಹೊರುವ ಮುಖ್ಯ ಭಾರ ನಂಬಿಕೆಯದು, ಆದ್ದರಿಂದಲೇ ಯಾರ ಧ್ವನಿಗೆ ಅಲ್ಲಿ ಎಡೆಯಿದೆ ಎಂಬ ಪ್ರಶ್ನೆ ಆಟದ ಹೊರಗಿನದಲ್ಲ, ಒಳಗಿನದು ಎಂಬುದನ್ನು ತೋರಿಸುವುದು ಈ ಬರಹದ ಉದ್ದೇಶ.

ಚರ್ಚೆಯ ನೆಲೆಯಾಗಿ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರಗಳನ್ನು (೨೦೨೩ರವರೆಗಿನ ಔರಂಗಾಬಾದ್) ಆರಿಸಿಕೊಂಡಿದೆ. ನಾಸಿಕ್ ಗೋದಾವರಿಯ ದಡದಲ್ಲಿದೆ. ಸಂಭಾಜಿನಗರ ಜಿಲ್ಲೆಯ ಪೈಠಣ ಅದೇ ನದಿಯ ಕೆಳಹರಿವಿನ ಹಳೆಯ ಪಟ್ಟಣ. ಸುಮಾರು ಕ್ರಿ.ಶ. ೮೫೦ರ ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯಾಗಿ ಹೆಸರಿಸಿದ್ದು ಈ ಗೋದಾವರಿಯನ್ನೇ. ಎಲ್ಲೋರದ ದಶಾವತಾರ ಗುಹೆಯಲ್ಲಿ ರಾಷ್ಟ್ರಕೂಟ ದಂತಿದುರ್ಗನ ಶಾಸನವಿದೆ. ಅಲ್ಲಿನ ಕೈಲಾಸ ದೇಗುಲ ಒಂದನೆಯ ಕೃಷ್ಣನ ಹೆಸರಿನೊಡನೆ ಸೇರಿಕೊಂಡಿದೆ. ಇಂಥ ಉಲ್ಲೇಖಗಳನ್ನು ಗಡಿವಾದದ ಸಾಕ್ಷಿಗಳಾಗಿ ಬಳಸುವುದು ನಮಗೆ ರೂಢಿಯಾಗಿದೆ. ಇಲ್ಲಿ ಅವುಗಳನ್ನು ನೆನೆಯುವ ಕಾರಣ ಬೇರೆ. ನದಿಯೊಂದು ಎಲ್ಲೆಯೆಂದರೆ ಒಂದು ನುಡಿ ಅಲ್ಲಿ ಮುಗಿಯುತ್ತದೆ ಎಂದಷ್ಟೇ ಅರ್ಥವಲ್ಲ. ಹಲವು ನುಡಿಗಳು ಅಲ್ಲಿ ಒಂದನ್ನೊಂದು ಕೇಳಿಸಿಕೊಳ್ಳಬೇಕಾಗುತ್ತದೆ. ಒಬ್ಬರನ್ನೊಬ್ಬರು ಅರಿಯದವರು ಕೂಡಿ ಕೆಲಸ ಮಾಡುವಾಗ ಹುಟ್ಟುವ ನುಡಿಗೆ ಈ ಪ್ರದೇಶದಲ್ಲಿ ದೀರ್ಘ ಚರಿತ್ರೆಯಿದೆ. ವಿಡಿಯೋ ಗೇಮ್‌ನ ಧ್ವನಿಸಂವಾದವನ್ನು ಆ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಿದರೆ ಅದರ ಹೊಸತನ ಎಷ್ಟು, ಹಳತನ ಎಷ್ಟು ಎಂಬುದು ತಿಳಿಯುತ್ತದೆ.

೨

ಮೊದಲು ಆಟದ ಸ್ವರೂಪವನ್ನು ಗಮನಿಸಬೇಕು. ಭಾರತದಲ್ಲಿ ಈ ಬಗೆಯ ಆಟವನ್ನು ಮನೆಮಾತಾಗಿಸಿದ್ದು ೨೦೧೮ರಲ್ಲಿ ಫೋನಿಗೆ ಬಂದ ಪಬ್‌ಜಿ ಮೊಬೈಲ್. ೨೦೨೦ರ ಸೆಪ್ಟೆಂಬರ್ ೨ರಂದು ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ೨೦೨೧ರ ಜುಲೈಯಲ್ಲಿ ಕೊರಿಯಾದ ಕ್ರಾಫ್ಟನ್ ಸಂಸ್ಥೆ ಅದನ್ನೇ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಲ್ಲಿ ಮರಳಿ ತಂದಿತು. ೨೦೨೨ರ ಜುಲೈಯಲ್ಲಿ ಮತ್ತೆ ತಡೆಯುಂಟಾಗಿ, ೨೦೨೩ರ ಮೇ ಕೊನೆಯ ವೇಳೆಗೆ ಅದು ಮರಳಿತು. ಪುಣೆಯ ಸೂಪರ್‌ಗೇಮಿಂಗ್ ಸಂಸ್ಥೆಯ ಇಂಡಸ್ ೨೦೨೪ರ ಅಕ್ಟೋಬರ್‌ನಲ್ಲಿ ಬಂದದ್ದು ಇದೇ ಪ್ರಕಾರದಲ್ಲಿ. ೨೦೨೫ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆಯು ಹಣವಿಟ್ಟು ಆಡುವ ಆಟಗಳನ್ನು ನಿಷೇಧಿಸಿ, ಸ್ಪರ್ಧಾತ್ಮಕ ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ಗುರುತಿಸಿತು. ಹೀಗೆ ಪ್ರಭುತ್ವದ ಚರ್ಚೆ ಮುಖ್ಯವಾಗಿ ಹಣ, ಭದ್ರತೆ ಮತ್ತು ವ್ಯಸನಗಳ ಸುತ್ತ ನಡೆದಿದೆ. ಆಟದೊಳಗಿನ ಮಾತನ್ನು ಆಲಿಸುವ ಕೆಲಸ ಉಳಿದಿದೆ. ಅದು ಭಾಷೆ ಮತ್ತು ಸಾಹಿತ್ಯದ ವಿದ್ಯಾರ್ಥಿಗಳದು.

ಇಂಥ ಆಟದಲ್ಲಿ ನೂರು ಮಂದಿ ವಿಮಾನದಿಂದ ಒಂದು ಕಲ್ಪಿತ ದ್ವೀಪಕ್ಕೆ ಜಿಗಿಯುತ್ತಾರೆ. ಎರಂಗೆಲ್ ಎಂಬ ಪ್ರಸಿದ್ಧ ದ್ವೀಪ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ್ದು. ಸುರಕ್ಷಿತ ವಲಯ ಕುಗ್ಗುತ್ತ ಹೋಗಿ, ಸುಮಾರು ಅರ್ಧ ಗಂಟೆಯೊಳಗೆ ಉಳಿದವರೆಲ್ಲ ಮುಖಾಮುಖಿಯಾಗುತ್ತಾರೆ. ನಾಲ್ವರ ತಂಡವಾಗಿ ಆಡುವಾಗ ಗುಂಡು ತಗಲಿದವನು ಕೂಡಲೇ ಆಟದಿಂದ ಹೊರಬೀಳುವುದಿಲ್ಲ, ತೆವಳುತ್ತಿರುತ್ತಾನೆ. ಸಂಗಾತಿಯೊಬ್ಬ ತನ್ನ ಜೀವವನ್ನು ಅಪಾಯಕ್ಕೊಡ್ಡಿ ಬಳಿ ಬಂದು, ಕೆಲವು ಕ್ಷಣ ಕುಳಿತು, ಅವನನ್ನು ಎಬ್ಬಿಸಬೇಕು. ತಂಡವೆಂಬುದಕ್ಕೆ ಅರ್ಥ ಬರುವುದು ಈ ನಿಯಮದಿಂದ. ಬಿದ್ದವನು ಕರೆಯಬೇಕು, ಕೇಳಿದವನು ಬರುವುದೋ ಬಿಡುವುದೋ ತೀರ್ಮಾನಿಸಬೇಕು.

ಧ್ವನಿ ಏಕೆ ಅನಿವಾರ್ಯವಾಯಿತು ಎಂಬುದಕ್ಕೆ ಸರಳ ಕಾರಣವಿದೆ. ಫೋನಿನಲ್ಲಿ ಆಡುವವನ ಎರಡೂ ಹೆಬ್ಬೆರಳುಗಳು ಪರದೆಯ ಮೇಲಿರುತ್ತವೆ, ಕಣ್ಣು ಗುರಿಯ ಮೇಲಿರುತ್ತದೆ; ಬಿಡುವಿರುವುದು ಬಾಯಿಗೆ, ಕಿವಿಗೆ ಮಾತ್ರ. ಅಕ್ಷರ ಒತ್ತಿ ಸಂದೇಶ ಕಳಿಸುವಷ್ಟರಲ್ಲಿ ಆಟ ಮುಗಿದಿರುತ್ತದೆ. ೨೦೦೨ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಲೈವ್ ಸೇವೆಯನ್ನು ಆರಂಭಿಸಿದಾಗ ಕಿವಿಗೆ ಧರಿಸುವ ಹೆಡ್‌ಸೆಟ್ಟನ್ನು ಮೊದಲ ಪೆಟ್ಟಿಗೆಯಲ್ಲೇ ಸೇರಿಸಿ ಕೊಟ್ಟಿತು. ೨೦೧೫ರಲ್ಲಿ ಬಂದ ಡಿಸ್ಕಾರ್ಡ್ ಆಟಗಾರರಿಗೆ ಆಟದ ಹೊರಗೂ ಒಂದು ಮಾತಿನ ಕೋಣೆಯನ್ನು ಒದಗಿಸಿತು. ಮೊಬೈಲ್ ಆಟಗಳಲ್ಲಿ ಧ್ವನಿ ಆಟದೊಳಗೇ ಅಡಕವಾಗಿದೆ. ತಂಡಕ್ಕೆ ಮಾತ್ರ ಕೇಳುವಂತೆ ಆಡುವುದು, ಸಮೀಪದ ಎದುರಾಳಿಗಳಿಗೂ ಕೇಳುವಂತೆ ಆಡುವುದು ಎಂಬ ಎರಡು ದಾರಿಗಳು ಪಬ್‌ಜಿಯಲ್ಲಿದ್ದವು. ಇವುಗಳ ನಡುವಿನ ಭೇದವೇ ಗುಟ್ಟಿನ ಮಾತು ಮತ್ತು ರಣಘೋಷಗಳ ನಡುವಿನ ಭೇದ.

ಈ ಮಾತಿನ ವ್ಯಾಕರಣ ಸಂಕ್ಷಿಪ್ತವಾದುದು. ಕ್ರಿಯಾಪದ ಲೋಪವಾಗುತ್ತದೆ; ದಿಕ್ಕು, ಸಂಖ್ಯೆ, ಸ್ಥಳನಾಮ ಉಳಿಯುತ್ತವೆ. ಪರದೆಯ ಮೇಲ್ತುದಿಯಲ್ಲಿ ದಿಕ್ಸೂಚಿಯ ಅಂಶಗಳು ಕಾಣುವುದರಿಂದ 'ಮುನ್ನೂರ ಮೂವತ್ತು, ಇಬ್ಬರು' ಎಂಬಷ್ಟೇ ಒಂದು ಪೂರ್ಣ ವಾಕ್ಯವಾಗುತ್ತದೆ. ಮರಾಠಿಯಲ್ಲಿ 'ಮಾಗೆ ಏಕ್', ಹಿಂದಿಯಲ್ಲಿ 'ಪೀಛೇ ಏಕ್', ಕನ್ನಡದಲ್ಲಿ 'ಹಿಂದೆ ಒಬ್ಬ' ಎಂಬುವು ಒಂದೇ ಅಚ್ಚಿನವು. ಆದರೆ ಇಷ್ಟು ಮೊಟಕಾದ ವಾಕ್ಯದಲ್ಲೂ ಒಂದು ಪದ ಉದುರುವುದಿಲ್ಲ. ಅದು ಸಂಬೋಧನೆ. ಮರಾಠಿಯ 'ಭಾವಾ', ಹಿಂದಿ ಮತ್ತು ದಖನಿಯ 'ಭಾಯ್', ಕನ್ನಡದ 'ಮಗಾ', 'ಗುರೂ', 'ಅಣ್ಣಾ' ಇವು ಯಾವ ಸುದ್ದಿಯನ್ನೂ ಹೇಳುವುದಿಲ್ಲ. ಸುದ್ದಿ ಮುಟ್ಟಿಸುವುದೇ ಧ್ವನಿಯ ಕೆಲಸವಾಗಿದ್ದರೆ, ಕ್ರಿಯಾಪದವನ್ನೇ ಬಿಡುವ ಅವಸರದಲ್ಲಿ ಮೊದಲು ಬಿಡಬೇಕಾದದ್ದು ಇದನ್ನು. ಬಿಡುವುದಿಲ್ಲವೆಂಬುದೇ ಧ್ವನಿಗೆ ಬೇರೊಂದು ಕೆಲಸವಿದೆ ಎಂಬುದರ ಮೊದಲ ಸೂಚನೆ.

೩

ಅಪರಿಚಿತರು ಅವಸರದಲ್ಲಿ ಕೂಡಿ ಆಡುವ ಮಾತಿಗೆ ಈ ನೆಲದಲ್ಲಿ ಒಂದು ಹಿರಿಯ ನಿದರ್ಶನವಿದೆ. ೧೩೨೭ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕ್ ದೌಲತಾಬಾದಿಗೆ ರಾಜಧಾನಿಯನ್ನು ಒಯ್ದಾಗ ಸೈನಿಕರು, ಸೂಫಿಗಳು, ಕುಶಲಕರ್ಮಿಗಳು, ವರ್ತಕರು ಉತ್ತರದಿಂದ ಬಂದು ಇಂದಿನ ಸಂಭಾಜಿನಗರದ ಸಮೀಪ ನೆಲೆಸಿದರು. ಅವರು ತಂದ ನುಡಿ ಮರಾಠಿಯ ನೆರೆಯಲ್ಲಿ ಬೆಳೆದು ದಖನಿಯಾಯಿತು. ಮರಾಠಿಯ 'ನಕೋ' ಅಲ್ಲಿ 'ನಕ್ಕೋ' ಆಯಿತು. ಒತ್ತಿ ಹೇಳುವ ಮರಾಠಿಯ 'ಚ' ಅಲ್ಲಿ 'ಇಧರಿಚ್' ಎಂಬಂಥ ರೂಪಗಳಲ್ಲಿ ನೆಲೆಯೂರಿತು. ಉರ್ದು ಎಂಬ ಹೆಸರೇ ಪಾಳೆಯ ಎಂಬರ್ಥದ ತುರ್ಕಿ ಮಾತಿನಿಂದ ಬಂದದ್ದು.

ಕನ್ನಡಿಗರಿಗೆ ಈ ಚರಿತ್ರೆ ಹೊರಗಿನದಲ್ಲ. ೧೩೪೭ರಲ್ಲಿ ದೌಲತಾಬಾದಿನಲ್ಲಿ ಪಟ್ಟವೇರಿದ ಬಹಮನಿ ದೊರೆ ತನ್ನ ರಾಜಧಾನಿಯನ್ನು ಕಲಬುರಗಿಗೆ ತಂದನು. ಬಾಲ್ಯದ ಕೆಲವು ವರ್ಷಗಳನ್ನು ದೌಲತಾಬಾದಿನಲ್ಲಿ ಕಳೆದ ಬಂದೇ ನವಾಜರು ಇಳಿವಯಸ್ಸಿನಲ್ಲಿ ಕಲಬುರಗಿಗೆ ಬಂದು ನೆಲೆಸಿದರು. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಿತಾಬ್-ಎ-ನೌರಸ್ ದಖನಿಯಲ್ಲಿದೆ. ಮುಂದೆ ಔರಂಗಾಬಾದಿನವರೇ ಆದ ವಲೀ ಮತ್ತು ಸಿರಾಜ್ ಈ ನುಡಿಯ ಕಾವ್ಯಕ್ಕೆ ಉತ್ತರ ಭಾರತದಲ್ಲೂ ಮನ್ನಣೆ ತಂದರು. ಪಾಳೆಯದಲ್ಲಿ ಆಜ್ಞೆ, ಕರೆ, ಚೌಕಾಶಿ, ಬೈಗುಳಗಳಿಗಾಗಿ ಬಳಕೆಯಾದ ಮಾತು ನಾಲ್ಕು ಶತಮಾನಗಳಲ್ಲಿ ಗಜಲಿನ ಭಾಷೆಯಾಯಿತು. ಅವಸರದ ನುಡಿಯನ್ನು ಕೀಳೆಂದು ತಳ್ಳಿಹಾಕುವ ವಿದ್ವತ್ತಿಗೆ ಇದೊಂದು ಎಚ್ಚರಿಕೆ.

ನಾಸಿಕದ ಬಳಿಯ ದೇವಳಾಲಿ ಇನ್ನೊಂದು ಪಾಳೆಯ. ಊರಿಗೆ ಮರಳಲು ಹಡಗಿಗಾಗಿ ಕಾದು ಕುಳಿತ ಬ್ರಿಟಿಷ್ ಸೈನಿಕರು ಅಲ್ಲಿ ಬೇಸರದಿಂದ, ಜ್ವರದಿಂದ ಬಳಲುತ್ತಿದ್ದರು. ಆ ಸ್ಥಿತಿಯನ್ನು ಅವರು 'ದೇವಳಾಲಿ ತಾಪ' ಎಂಬರ್ಥದಲ್ಲಿ ಕರೆದರು; ಅದರಿಂದ ಬುದ್ಧಿಭ್ರಮಣೆಯನ್ನು ಸೂಚಿಸುವ 'ಡೂಲಾಲಿ' ಎಂಬ ಮಾತು ಇಂಗ್ಲಿಷಿಗೆ ಸೇರಿತು. ಒಂದು ಕನ್ನಡಿ ಕೋಣೆಯಂತಿರುವ ಈ ಪದಚರಿತ್ರೆಯಲ್ಲಿ ಮರಾಠಿ ಊರಿನ ಹೆಸರು ಇಂಗ್ಲಿಷರ ಮನೋವ್ಯಾಧಿಯಾಗಿದೆ. ನಮ್ಮ ಚರ್ಚೆಗೆ ಇನ್ನೂ ಮುಖ್ಯವಾದ ಸಂಗತಿ, ಭಾರತೀಯ ಸೇನೆಯ ಫಿರಂಗಿದಳದ ತರಬೇತಿ ಶಾಲೆ ಇರುವುದು ದೇವಳಾಲಿಯಲ್ಲಿ ಎಂಬುದು. ಫಿರಂಗಿ ಯುದ್ಧದಲ್ಲಿ ಗುಂಡು ಹಾರಿಸುವವರಿಗೆ ಗುರಿ ಕಾಣುವುದಿಲ್ಲ. ಗುರಿ ಕಾಣುವ ಮುಂಚೂಣಿಯ ವೀಕ್ಷಕನ ಬಳಿ ಫಿರಂಗಿ ಇರುವುದಿಲ್ಲ. ದಿಕ್ಕಿನ ಅಂಕ, ದೂರ, ಬಿದ್ದ ಗುಂಡಿನಿಂದ ಗುರಿಗಿರುವ ಅಂತರ ಎಲ್ಲವೂ ಧ್ವನಿಯ ಮೂಲಕವೇ ಸಾಗಬೇಕು. ಪರದೆಯ ಮೇಲಿನ ಅಂಶಗಳನ್ನು ಓದಿ ಹೇಳುವ ಬಾಲಕ ತಿಳಿಯದೆಯೇ ಈ ಪದ್ಧತಿಯನ್ನು ಅನುಸರಿಸುತ್ತಿದ್ದಾನೆ.

ಎರಡರ ನಡುವೆ ಒಂದು ವ್ಯತ್ಯಾಸವಿದೆ. ಸೇನೆಯಲ್ಲಿ ಧ್ವನಿಯನ್ನು ನಂಬಲರ್ಹಗೊಳಿಸುವುದು ಕ್ರಮ. ಯಾವ ಮಾತು ಮೊದಲು, ಯಾವುದು ಅನಂತರ, ಕೇಳಿದ್ದನ್ನು ಹೇಗೆ ಮರುನುಡಿಯಬೇಕು ಎಂಬುದು ನಿಗದಿಯಾಗಿರುತ್ತದೆ. ಆಡುವವನು ಯಾರೆಂಬುದು ಅಲ್ಲಿ ಗೌಣ. ಆಟದ ತಂಡಕ್ಕೆ ಇಂಥ ಶಿಕ್ಷಣವಿಲ್ಲ. ವಾಳೂಜಿನ ಕಾರ್ಖಾನೆಯ ಪಾಳಿ ಮುಗಿಸಿದವನು, ಸಾತ್ಪುರದ ವಿದ್ಯಾರ್ಥಿ, ಇನ್ನಾವುದೋ ಊರಿನ ಇಬ್ಬರು, ಹೀಗೆ ಯಂತ್ರ ಒಟ್ಟುಗೂಡಿಸಿದ ನಾಲ್ವರಿಗೆ ನಂಬಿಕೆಯನ್ನು ಕೊಡುವ ಸಂಸ್ಥೆ ಯಾವುದೂ ಇಲ್ಲ. ಆ ತೆರವಿನಲ್ಲಿ ಬಂದು ನಿಲ್ಲುವುದು 'ಭಾವಾ' ಎಂಬ ಬಂಧುವಾಚಕ. ಸೇನೆ ಕ್ರಮದಿಂದ ಸಾಧಿಸಿದ್ದನ್ನು ಆಟಗಾರ ನಂಟಿನ ಹೆಸರಿನಿಂದ ಸಾಧಿಸಲು ಯತ್ನಿಸುತ್ತಾನೆ.

೪

ಪರದೆಯಿಲ್ಲದ ಆಟಗಳಲ್ಲೂ ಧ್ವನಿಗೆ ನಿಯಮದ ಸ್ಥಾನವಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ಮಹಾರಾಷ್ಟ್ರ ಮತ್ತು ಕರ್ನಾಟಕಗಳೆರಡಕ್ಕೂ ಸೇರಿದ ಎರಡು ಆಟಗಳು ಈ ದೃಷ್ಟಿಯಿಂದ ಮಹತ್ವದವು.

ಮೊದಲನೆಯದು ಖೋ-ಖೋ. ಇದರ ನಿಯಮಗಳನ್ನು ೧೯೧೪ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ರೂಪಿಸಿತು. ಸಾಂಪ್ರದಾಯಿಕ ಅಂಕಣದಲ್ಲಿ ಎಂಟು ಮಂದಿ ಒಬ್ಬರು ಬಿಟ್ಟು ಒಬ್ಬರು ಎದುರುಬದುರು ದಿಕ್ಕಿಗೆ ಮುಖಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವನು ಅಟ್ಟಿಸಿಕೊಂಡು ಹೋಗುತ್ತಾನೆ. ಅವನು ಕುಳಿತವನ ಬೆನ್ನಹಿಂದೆ ಬಂದು, ಮುಟ್ಟಿ, ಗಟ್ಟಿಯಾಗಿ 'ಖೋ' ಎನ್ನಬೇಕು. ಆ ಶಬ್ದ ಕೇಳುವ ಮುನ್ನ ಎದ್ದರೆ ತಪ್ಪು. ಕುಳಿತವನಿಗೆ ಬೆನ್ನಹಿಂದೆ ನಡೆಯುತ್ತಿರುವುದು ಪೂರ್ಣವಾಗಿ ಕಾಣುವುದಿಲ್ಲ. ಕೇಳಿದೊಡನೆ ಚಿಮ್ಮಬೇಕು, ವಿಚಾರಿಸುವಂತಿಲ್ಲ. 'ಖೋ' ಎಂಬುದಕ್ಕೆ ನಿಘಂಟಿನ ಅರ್ಥ ಬೇಕಿಲ್ಲ. ನನ್ನ ಓಟವನ್ನು ನಿನಗೆ ಒಪ್ಪಿಸಿದ್ದೇನೆ ಎಂಬ ಒಡಂಬಡಿಕೆಯೇ ಅದರ ಅರ್ಥ. ೨೦೨೫ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಗೆದ್ದವು. ಎರಡೂ ತಂಡಗಳ ನಾಯಕತ್ವ, ಪ್ರತೀಕ್ ವಾಯಕರ್ ಮತ್ತು ಪ್ರಿಯಾಂಕಾ ಇಂಗಳೆ ಅವರ ಮೂಲಕ, ಮಹಾರಾಷ್ಟ್ರದ್ದಾಗಿತ್ತು.

ಎರಡನೆಯದು ಕಬಡ್ಡಿ, ಮರಾಠಿಯಲ್ಲಿ, ಉತ್ತರ ಕರ್ನಾಟಕದ ಹಲವೆಡೆ, ಹುತುತು. ಇಲ್ಲಿ ದಾಳಿಕಾರ ಒಬ್ಬನೇ ಎದುರಾಳಿಗಳ ಅಂಕಣಕ್ಕೆ ಹೋಗಿ, ಒಂದೇ ಉಸಿರಿನಲ್ಲಿ ಅದೇ ಮಾತನ್ನು ಉಚ್ಚರಿಸುತ್ತ ಮರಳಬೇಕು. ಧ್ವನಿ ತಡೆದರೆ ಅವನು ಸೋತಂತೆ. ಈ ಉಚ್ಚಾರ ಯಾರಿಗೂ ಸುದ್ದಿ ಹೇಳುವುದಿಲ್ಲ. ಉಸಿರು ಇನ್ನೂ ಇದೆ ಎಂಬುದನ್ನು ಎಲ್ಲರ ಎದುರಿಗೆ ಸಾಬೀತುಪಡಿಸುತ್ತದೆ.

ಈ ಎರಡು ಆಟಗಳಿಂದ ಎರಡು ತತ್ತ್ವಗಳು ಹೊರಡುತ್ತವೆ. ಒಂದು, ತಂಡದಾಟದ ಧ್ವನಿ ಮಾಹಿತಿಗಿಂತ ಮೊದಲು ಒಪ್ಪಂದ. ಎರಡು, ಆ ಧ್ವನಿಗೆ ಸಾಕ್ಷಿಗಳಿದ್ದಾರೆ: ತೀರ್ಪುಗಾರ, ಎದುರಾಳಿ, ಅಂಕಣದ ಸುತ್ತ ನಿಂತ ಊರು. ವಿಡಿಯೋ ಗೇಮ್‌ನಲ್ಲಿ ಮೊದಲನೆಯದು ಉಳಿದಿದೆ, ಎರಡನೆಯದು ಅಳಿದಿದೆ. ನಾಲ್ವರ ಕಿವಿಯಲ್ಲಿ ಮುಗಿದುಹೋಗುವ ಮಾತಿಗೆ ಊರಿನ ಅಂಕೆಯಿಲ್ಲ. ಮುಂದಿನ ಎಲ್ಲ ತೊಡಕುಗಳ ಬೇರು ಇಲ್ಲಿದೆ.

೫

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಧ್ವನಿ ಎಂಬುದು ಪಾರಿಭಾಷಿಕ ಪದ. ಕವಿರಾಜಮಾರ್ಗಕಾರ ಅದನ್ನು ಅಲಂಕಾರವಾಗಿ ಹೆಸರಿಸಿದ. ಅದೇ ಶತಮಾನದ ಆನಂದವರ್ಧನ ಅದನ್ನು ಕಾವ್ಯದ ಆತ್ಮವೆಂದು ಸ್ಥಾಪಿಸಿದ. ವ್ಯಂಗ್ಯಾರ್ಥವೆಂಬ ಆ ಅರ್ಥವನ್ನು ಕಂಠಧ್ವನಿಯೊಡನೆ ಬೆರೆಸುವುದು ಸರಿಯಲ್ಲ. ನಮಗೆ ಇಲ್ಲಿ ಒದಗುವ ಪರಿಕಲ್ಪನೆ ಕಾಕು. ಮಾತಿನ ಸ್ವರ ಬದಲಾದಾಗ ಅರ್ಥ ಬದಲಾಗುವುದೇ ಕಾಕು. ನಾಟ್ಯಶಾಸ್ತ್ರ ಇದನ್ನು ಸಾಕಾಂಕ್ಷ, ನಿರಾಕಾಂಕ್ಷ ಎಂದು ಎರಡಾಗಿ ವಿಂಗಡಿಸುತ್ತದೆ. ಅರ್ಥ ಮುಗಿಯದೆ ಇನ್ನೊಂದನ್ನು ಅಪೇಕ್ಷಿಸುವುದು ಮೊದಲನೆಯದು. ತನ್ನಲ್ಲೇ ಮುಗಿಯುವುದು ಎರಡನೆಯದು. ಮುದ್ರಿತ ಪಠ್ಯವನ್ನೇ ನಂಬಿದ ಆಧುನಿಕ ವಿಮರ್ಶೆಯಲ್ಲಿ ಕಾಕುವಿಗೆ ಹೆಚ್ಚು ಕೆಲಸವಿರಲಿಲ್ಲ. ಧ್ವನಿಸಂವಾದ ಅದನ್ನು ಮತ್ತೆ ಅಗತ್ಯವಾಗಿಸಿದೆ.

'ಹಿಂದೆ ಒಬ್ಬ' ಎಂಬ ಮಾತನ್ನು ಶಾಂತವಾಗಿ ಆಡಿದರೆ ಅದು ವರದಿ, ನಿರಾಕಾಂಕ್ಷ. ಅದನ್ನೇ ಉಸಿರು ಬಿಗಿಹಿಡಿದು ಆಡಿದರೆ 'ತಿರುಗಿ ನೋಡು', ಅಳುದನಿಯಲ್ಲಿ ಆಡಿದರೆ 'ನನ್ನನ್ನು ಬಿಟ್ಟುಹೋಗಬೇಡ', ವ್ಯಂಗ್ಯದಲ್ಲಿ ಆಡಿದರೆ 'ನೀನು ಕಾಯಬೇಕಿತ್ತು, ಕಾಯಲಿಲ್ಲ'. ಅಕ್ಷರಗಳು ಒಂದೇ, ವಾಕ್ಯಗಳು ನಾಲ್ಕು. ಕೊನೆಯ ಮೂರೂ ಸಾಕಾಂಕ್ಷ. ಅವು ಉತ್ತರವನ್ನು ಬೇಡುತ್ತವೆ. ತಂಡ ತಂಡವಾಗಿ ಉಳಿಯುವುದೋ ಒಡೆಯುವುದೋ ಎಂಬುದು ಆ ಅಪೇಕ್ಷೆ ತುಂಬಿತೇ ಎಂಬುದನ್ನು ಅವಲಂಬಿಸಿದೆ.

ಇದಕ್ಕೆ ವಿರುದ್ಧ ದಿಕ್ಕಿನಿಂದಲೂ ಪ್ರಮಾಣ ದೊರೆಯುತ್ತದೆ. ೨೦೧೯ರ ಫೆಬ್ರವರಿಯಲ್ಲಿ ಬಂದ ಅಪೆಕ್ಸ್ ಲೆಜೆಂಡ್ಸ್ ಎಂಬ ಆಟ, ಮಾತಿಲ್ಲದೆಯೇ ಒಂದು ಗುಂಡಿಯೊತ್ತಿ ಶತ್ರು, ಆಯುಧ, ದಾರಿಗಳನ್ನು ಗುರುತಿಸಿ ತೋರಿಸುವ 'ಪಿಂಗ್' ವ್ಯವಸ್ಥೆಯನ್ನು ಬಹಳ ಅಚ್ಚುಕಟ್ಟಾಗಿ ರೂಪಿಸಿತು. ಕಿವಿ ಕೇಳದವರಿಗೆ, ಭಾಷೆ ಬಾರದವರಿಗೆ, ಮಾತನಾಡಲು ಇಚ್ಛಿಸದವರಿಗೆ ಅದರಿಂದ ಉಪಕಾರವಾಯಿತು. ಮಾಹಿತಿಯ ಮಟ್ಟಿಗೆ ಈ ಗುರುತು ಮಾತಿಗಿಂತ ಖಚಿತ. ಆದರೂ ಆಟಗಾರರು ಧ್ವನಿಯನ್ನು ಕೈಬಿಡಲಿಲ್ಲ. ಕೂಡಿ ಆಡುವ ಗೆಳೆಯರಂತೂ ಅದನ್ನು ಬಿಟ್ಟು ಆಡುವುದೇ ಇಲ್ಲ. ಗುರುತು ಎಲ್ಲಿ ಎಂಬುದನ್ನು ಹೇಳುತ್ತದೆ. 'ನಾನು ಬರುತ್ತಿದ್ದೇನೆ, ತಡೆದುಕೊ' ಎಂಬುದರ ಭರವಸೆಯನ್ನು ಹೊರಲಾರದು.

೬

ಧ್ವನಿ ನಂಬಿಕೆಯನ್ನು ಹೊರುತ್ತದೆ ಎಂದಮೇಲೆ ಅದನ್ನು ಕೆಡವಲೂ ಬಲ್ಲದು. ಈ ವಿಷಯದಲ್ಲಿ ಮಹಾಭಾರತದ ಕರ್ಣಪರ್ವಕ್ಕಿಂತ ಸೂಕ್ಷ್ಮವಾದ ಪಠ್ಯ ನಮ್ಮಲ್ಲಿಲ್ಲ. ಒಂದು ರಥದಲ್ಲಿ ಅರ್ಜುನ ಮತ್ತು ಕೃಷ್ಣ. ಇನ್ನೊಂದರಲ್ಲಿ ಕರ್ಣ ಮತ್ತು ಶಲ್ಯ. ಬಿಲ್ಲಾಳಿನ ಕೈ ಬಿಲ್ಲಿನ ಮೇಲಿರುವಾಗ ಹತ್ತಿರವಿರುವ ಒಂದೇ ಮನುಷ್ಯಧ್ವನಿ ಸಾರಥಿಯದು. ಹಾಗಾಗಿ ಈ ಯುದ್ಧ ಬಾಣಗಳದ್ದಾಗಿರುವಂತೆಯೇ ಎರಡು ಬಗೆಯ ಸಂವಾದಗಳದ್ದೂ ಆಗಿದೆ.

ಶಲ್ಯ ಸಾರಥ್ಯವನ್ನು ಒಪ್ಪಿಕೊಳ್ಳುವಾಗ ಹಾಕಿದ ಷರತ್ತು ಗಮನಾರ್ಹವಾದುದು: ಕರ್ಣನ ಎದುರಿಗೆ ತನಗೆ ತೋಚಿದ್ದನ್ನು ಆಡುವ ಸ್ವಾತಂತ್ರ್ಯ ತನಗಿರಬೇಕು. ಕರ್ಣನ ತೇಜೋವಧೆ ಮಾಡುವೆನೆಂದು ಅವನು ಧರ್ಮರಾಯನಿಗೆ ಮೊದಲೇ ಮಾತು ಕೊಟ್ಟಿದ್ದ. ರಥ ಹೊರಟೊಡನೆ ಅರ್ಜುನನ ಹೊಗಳಿಕೆ, ಕರ್ಣನ ತೆಗಳಿಕೆ, ಹಂಸಗಳೊಡನೆ ಪಂತ ಕಟ್ಟಿದ ಕಾಗೆಯ ಕಥೆ ಒಂದಾದ ಮೇಲೊಂದು ಬರುತ್ತವೆ. ಕರ್ಣ ಉತ್ತರವಾಗಿ ತೆಗೆಯುವುದು ಶಲ್ಯನ ನಾಡನ್ನು. ಮದ್ರರ ಆಹಾರ, ಆಚಾರ, ಅಲ್ಲಿನ ಹೆಂಗಸರು ಎಲ್ಲರೂ ನಿಂದೆಗೆ ಗುರಿಯಾಗುತ್ತಾರೆ. ಶಲ್ಯ ಮರುಮಾತಾಗಿ ಅಂಗದೇಶವನ್ನು ನಿಂದಿಸುತ್ತಾನೆ. ಸಂಗಾತಿಗಳ ನಡುವೆ ಹೊತ್ತಿಕೊಂಡ ಜಗಳ ಕ್ಷಣಾರ್ಧದಲ್ಲಿ ನಾಡು, ಕುಲ, ಹೆಣ್ಣುಗಳ ನಿಂದೆಗೆ ಇಳಿಯುವ ಈ ಗತಿ ಇಂದಿನ ಧ್ವನಿಸಂವಾದವನ್ನು ಬಲ್ಲವರಿಗೆ ಅಪರಿಚಿತವಲ್ಲ. ಅಲ್ಲಿಯೂ ಸೋಲಿನ ಸಿಟ್ಟು ಮೊದಲು ಹಿಡಿಯುವುದು ಉಚ್ಚಾರಣೆಯನ್ನು, ಊರನ್ನು, ತಾಯಿಯನ್ನು.

ಕನ್ನಡ ಕವಿಗಳು ಈ ಸಂಬಂಧದ ದುರಂತವನ್ನು ಆಳವಾಗಿ ಗ್ರಹಿಸಿದ್ದಾರೆ. ೯೪೧ರ ಪಂಪನ ಕರ್ಣನಲ್ಲೂ ಕುಮಾರವ್ಯಾಸನ ಕರ್ಣನಲ್ಲೂ ತಂಡದೊಳಗೇ ಒಂಟಿಯಾದವನ ಚಿತ್ರವಿದೆ. ಸರ್ಪಾಸ್ತ್ರದ ಪ್ರಸಂಗವನ್ನು ಕುಮಾರವ್ಯಾಸನ ಭಾರತದಲ್ಲಿ ನೋಡಬೇಕು. ಕೊರ‍ಳಿಗೆ ಗುರಿಯಿಟ್ಟ ಕರ್ಣನಿಗೆ ಶಲ್ಯ ಎದೆಗೆ ಗುರಿಯಿಡುವಂತೆ ಹೇಳುತ್ತಾನೆ. ಕರ್ಣ ಕೇಳುವುದಿಲ್ಲ. ಕೃಷ್ಣ ರಥವನ್ನು ನೆಲಕ್ಕೆ ಅದುಮುತ್ತಾನೆ. ಅರ್ಜುನ ಉಳಿಯುತ್ತಾನೆ, ಕಿರೀಟ ಹೋಗುತ್ತದೆ. ಶಲ್ಯ ಮುನಿದು ರಥದಿಂದ ಇಳಿದುಹೋಗುತ್ತಾನೆ. ಈ ಕ್ಷಣದಲ್ಲಿ ಶಲ್ಯನ ಮಾಹಿತಿ ಸರಿಯಾಗಿತ್ತು ಎಂಬುದೇ ಮುಖ್ಯ. ಸಲಹೆ ನಿಜವಾಗಿತ್ತು, ಕೇಳಿಸುವಷ್ಟು ಹತ್ತಿರವೂ ಇತ್ತು. ಆದರೆ ಅದನ್ನು ನಂಬಬೇಕೆನ್ನಿಸುವ ಕಾಕುವನ್ನು ಶಲ್ಯ ಬೆಳಗಿನಿಂದಲೇ ನಾಶಮಾಡಿದ್ದ. ನಂಬಿಕೆಯಿಲ್ಲದೆಡೆ ಸತ್ಯವೂ ಶಬ್ದಮಾತ್ರವಾಗುತ್ತದೆ. ತಂಡದ ಧ್ವನಿ ಮಾಹಿತಿಯಿಂದಲ್ಲ, ಮಾಹಿತಿಗೆ ಮುಂಚಿನ ಬಾಂಧವ್ಯದಿಂದ ಕೆಲಸ ಮಾಡುತ್ತದೆ ಎಂಬ ನಮ್ಮ ವಾದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಶಲ್ಯನದು ಉದ್ದೇಶಪೂರ್ವಕ ವಂಚನೆ. ಆಟಗಾರನ ಬೈಗುಳ ಕ್ಷಣದ ಸಿಟ್ಟು. ಗೆಳೆಯರ ನಡುವೆ ಬೈಗುಳವೇ ಸಲುಗೆಯ ಗುರುತು ಎಂಬುದು. ಕೊನೆಯ ಮಾತಿನಲ್ಲಿ ಸತ್ಯಾಂಶವಿದೆ. ಬಹುಕಾಲ ಕೂಡಿ ಆಡಿದ ನಾಲ್ವರಲ್ಲಿ ಒರಟು ಮಾತು ಪ್ರೀತಿಯ ಕಾಕುವಿನಿಂದ ಬರುತ್ತದೆ, ಹಾಗೆಂದೇ ಗ್ರಹಿಕೆಯಾಗುತ್ತದೆ. ಆದರೆ ಅಪರಿಚಿತರಿಗೆ ಆ ಕಾಕುವನ್ನು ಓದುವ ಕೀಲಿಕೈ ಇರುವುದಿಲ್ಲ. ಅವರಿಗೆ ಉಳಿಯುವುದು ಪದದ ವಾಚ್ಯಾರ್ಥ ಮಾತ್ರ. ಉದ್ದೇಶ ಏನೇ ಇರಲಿ, ಕೇಳಿದವನ ತೇಜೋವಧೆ ಆಗಿಯೇ ಆಗುತ್ತದೆ.

೭

ಹಾಗಾದರೆ ಈ ಪಾಳೆಯದಲ್ಲಿ ಯಾರು ಮಾತನಾಡುತ್ತಾರೆ, ಯಾರು ಮೌನವಾಗುತ್ತಾರೆ? ಪರದೆಯ ಮೇಲಿನ ಹೆಸರನ್ನು, ವೇಷವನ್ನು ಬೇಕಾದಂತೆ ಬದಲಿಸಿಕೊಳ್ಳಬಹುದು. ಕಂಠವನ್ನು ಬದಲಿಸುವುದು ಸುಲಭವಲ್ಲ. ಬಾಯಿ ತೆರೆದೊಡನೆ ಲಿಂಗ, ವಯಸ್ಸು, ಪ್ರದೇಶ, ಶಾಲೆಯ ಭಾಷೆ ಎಲ್ಲವೂ ಬಯಲಾಗುತ್ತವೆ. ಹೆಣ್ಣುಮಕ್ಕಳು ಮೈಕನ್ನು ಮುಚ್ಚಿಕೊಂಡು ಆಡುವುದು, ಗಂಡುಹೆಸರಿನ ಮರೆಯಲ್ಲಿ ಆಡುವುದು ಜಗತ್ತಿನ ಹಲವೆಡೆ ದಾಖಲಾಗಿರುವ ಸಂಗತಿ. ದಖನಿಯ 'ನಕ್ಕೋ' ಸಿನಿಮಾದ ಹಾಸ್ಯವನ್ನು ನೆನಪಿಸಿ ನಗೆಗೆ ಗುರಿಯಾಗುತ್ತದೆ. ಹಳ್ಳಿಯ ಮರಾಠಿಯೂ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡ ಮನೆಗಳಿಂದ ಬಂದವರ ಹಿಂದಿಯೂ ಅದೇ ನಗೆಯನ್ನು ಎದುರಿಸಬೇಕಾಗುತ್ತದೆ. ನಗೆಗೀಡಾದವನು ಮುಂದಿನ ಸಲ ಮಾತನಾಡುವುದಿಲ್ಲ. ಆಗ ತಂಡ ಕಳೆದುಕೊಳ್ಳುವುದು ಒಂದು ಸೌಜನ್ಯವನ್ನಲ್ಲ. ಬೆನ್ನಹಿಂದೆ ನೋಡುತ್ತಿದ್ದ ಒಂದು ಜೊತೆ ಕಣ್ಣನ್ನು. ಮಾತನಾಡದವನು ಬಿದ್ದಾಗ ಅವನನ್ನು ಎಬ್ಬಿಸಲು ಬರುವವರೂ ಕಡಿಮೆ.

ಆಟದ ತಯಾರಕರು ಒದಗಿಸಿರುವ ಪರಿಹಾರಗಳು ಎರಡು: ಬೈದವನ ಧ್ವನಿಯನ್ನು ನಮ್ಮ ಕಿವಿಗೆ ಮುಚ್ಚುವುದು, ಅವನ ಮೇಲೆ ದೂರು ಕೊಡುವುದು. ಎರಡೂ ಬೇಕು. ಆದರೆ ಮುಚ್ಚುವ ಗುಂಡಿ ಆಶ್ರಯವೇ ಹೊರತು ನ್ಯಾಯವಲ್ಲ. ಖೋ-ಖೋದ ಅಂಕಣದಲ್ಲಿ ತೀರ್ಪುಗಾರನೂ ಊರೂ ವಹಿಸುತ್ತಿದ್ದ ಹೊಣೆಯನ್ನು ಅದು ಪೆಟ್ಟು ತಿಂದವನ ಹೆಬ್ಬೆರಳಿಗೆ ಹೊರಿಸುತ್ತದೆ.

ದೌಲತಾಬಾದಿನ ಪಾಳೆಯಕ್ಕೂ ಈ ಪಾಳೆಯಕ್ಕೂ ಇರುವ ಅಂತರವನ್ನು ಈಗ ಹೇಳಬಹುದು. ಅಲ್ಲಿಗೆ ಬಂದವರಲ್ಲಿ ಅನೇಕರು ಉಳಿದರು. ನೆರೆಯವರಿಂದ ಕೊಂಡರು, ನೆರೆಯವರಿಗೆ ಮಾರಿದರು, ಮದುವೆಯಾದರು, ಸತ್ತವರನ್ನು ಅಲ್ಲೇ ಮಣ್ಣುಮಾಡಿದರು. ಅವಸರದ ನುಡಿಗೆ ಬಿಡುವು ದೊರೆತದ್ದರಿಂದ ಅದು ಕಾವ್ಯದವರೆಗೆ ಬೆಳೆಯಿತು. ಯಂತ್ರ ಕೂಡಿಸಿದ ನಾಲ್ವರು ಅರ್ಧ ಗಂಟೆಯಲ್ಲಿ ಚದುರುತ್ತಾರೆ. ಅವರ 'ಭಾವಾ' ಆ ಅರ್ಧ ಗಂಟೆಯ ನಂಟು. ಆದರೆ ರಾತ್ರಿ ರಾತ್ರಿಯೂ ಕೂಡುವ ಸ್ಥಿರ ತಂಡಗಳ ಮಾತು ಬೇರೆ. ನಾಸಿಕದ ಸಿಡ್ಕೊ ಬಡಾವಣೆಯಲ್ಲೋ ಸಂಭಾಜಿನಗರದ ಸಿಡ್ಕೊ ಬಡಾವಣೆಯಲ್ಲೋ ಬೆಳೆದು, ಓದು ಉದ್ಯೋಗಗಳಿಗಾಗಿ ಪುಣೆ, ಬೆಂಗಳೂರುಗಳಿಗೆ ಚದುರಿದ ಗೆಳೆಯರಿಗೆ ಆಟ ಒಂದು ನೆಪ. ಕೂಡಿ ಮಾತನಾಡುವುದೇ ಗುರಿ. ಅಂಥವರ ನಡುವೆ ಕಲ್ಪಿತ ದ್ವೀಪದ ಊರುಗಳಿಗೆ ಮನೆಯ ಹೆಸರುಗಳು ಬೀಳುತ್ತವೆ, ಹಳೆಯ ಸೋಲುಗಳು ಗಾದೆಯಾಗುತ್ತವೆ. ನುಡಿ ಬೇರುಬಿಡುವುದು ಅಲ್ಲಿ.

ಕನ್ನಡ ಅಧ್ಯಯನ ಇದರಿಂದ ಕೈಗೆತ್ತಿಕೊಳ್ಳಬೇಕಾದ ಕೆಲಸಗಳಿವೆ. ಗಡಿನಾಡಿನ ಮತ್ತು ಹೊರನಾಡಿನ ಕನ್ನಡ ತರುಣರು ಈ ಆಟಗಳಲ್ಲಿ ಯಾವಾಗ ಕನ್ನಡಕ್ಕೆ, ಯಾವಾಗ ಮರಾಠಿಗೆ ಅಥವಾ ಹಿಂದಿಗೆ ಹೊರಳುತ್ತಾರೆ. ಅಪಾಯದ ಕ್ಷಣದಲ್ಲಿ ಬಾಯಿಗೆ ಬರುವ ನುಡಿ ಯಾವುದು. ಸಂಬೋಧನೆಗಳು ಹೇಗೆ ಬದಲಾಗುತ್ತವೆ ಎಂಬುದನ್ನು ಆಟಗಾರರ ಒಪ್ಪಿಗೆ ಪಡೆದು ದಾಖಲಿಸಬೇಕು. ಲಿಪ್ಯಂತರದಲ್ಲಿ ಕಾಕುವನ್ನೂ ಗುರುತಿಸುವ ಕ್ರಮವನ್ನು ರೂಪಿಸಿಕೊಳ್ಳಬೇಕು. ಇಲ್ಲವಾದರೆ ನಾಲ್ಕು ವಾಕ್ಯಗಳು ಒಂದಾಗಿ ಕಾಣುತ್ತವೆ. ಮೈಕ್ ಮುಚ್ಚಿಕೊಂಡವರನ್ನೂ ಈ ಅಧ್ಯಯನದಲ್ಲಿ ಸೇರಿಸಬೇಕು. ಏಕೆ ಮುಚ್ಚಿಕೊಂಡರು ಎಂಬುದು ಆಡಿದ ಮಾತುಗಳಷ್ಟೇ ಬೆಲೆಯುಳ್ಳ ಸಾಮಗ್ರಿ.

ಆಟವೊಂದನ್ನು ಅದರ ಚಿತ್ರಗಳ ಸೊಗಸಿನಿಂದ, ಹಿಂಸೆಯ ಪ್ರಮಾಣದಿಂದ, ಗೆದ್ದ ಬಹುಮಾನದಿಂದ ಅಳೆಯುವುದು ಈಗಿನ ರೂಢಿ. ಕೊನೆಗೆ ಬಂದು ಸೇರಿದ ಅಪರಿಚಿತ ತನ್ನ ಊರಿನ ಉಚ್ಚಾರದಲ್ಲೇ 'ಹಿಂದೆ ಒಬ್ಬ' ಎಂದಾಗ ಉಳಿದ ಮೂವರು ನಗದೆ ತಿರುಗಿ ನೋಡುತ್ತಾರೆಯೇ ಎಂಬುದನ್ನೂ ಒಂದು ಅಳತೆಯಾಗಿ ಒಪ್ಪಿಕೊಳ್ಳಬೇಕು. ಕರ್ಣನ ರಥದಲ್ಲಿ ಆಯುಧದ ಕೊರತೆಯಿರಲಿಲ್ಲ. ಮಾಹಿತಿಯ ಕೊರತೆಯೂ ಇರಲಿಲ್ಲ.